ತಟ್ಟೆಯ ಬೆನ್ನಿನ ಹಸಿರು ಚುಕ್ಕಿ

ತಟ್ಟೆಯನ್ನು ಮಗುಚಿದರೆ, ಅಂಚಿನಿಂದ ಎರಡು ಬೆರಳು ಒಳಗೆ, ಹೆಸರುಕಾಳಿನಷ್ಟು ದೊಡ್ಡ ಹಸಿರು ಚುಕ್ಕಿಯೊಂದು ಕಾಣುತ್ತದೆ. ಎಣ್ಣೆ ಬಣ್ಣದ್ದು. ಕೆಲವು ತಟ್ಟೆಗಳಲ್ಲಿ ಅದು ದುಂಡಗಿದೆ. ಕೆಲವುಗಳಲ್ಲಿ ಬೆಂಕಿಕಡ್ಡಿಯ ತುದಿ ಜಾರಿ ಸಣ್ಣ ಬಾಲ ಮೂಡಿದೆ. ಬಿಸಿನೀರಿಗೆ ಬಿದ್ದು ಬಿದ್ದು ಹಲವು ಮಾಸಿವೆ. ಆದರೂ ಬೆರಳಾಡಿಸಿದರೆ ತಿಳಿಯುತ್ತದೆ.

ಭಾಲ್ಕಿಯ ನಮ್ಮ ತೊಳೆಯುವ ಮನೆಗೆ ಇಂಟರ್ನ್‌ಶಿಪ್‌ಗೆಂದು ಬರುವ ಹುಡುಗ ಹುಡುಗಿಯರು ಮೊದಲ ವಾರದಲ್ಲೇ ಇದನ್ನು ಕಂಡುಹಿಡಿಯುತ್ತಾರೆ. “ಸಸ್ಯಾಹಾರದ ಗುರುತೇನ್ರಿ ಮೇಡಂ?” ಎಂದು ಕೇಳುತ್ತಾರೆ. ನಾನು ಅಲ್ಲ ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ನನಗೆ ಬಾಯಿ ಬರುವುದಿಲ್ಲ. ಈಗ ನನ್ನ ಹಳೆಯ ಕಾಲೇಜಿನವರು ವಿಭಾಗದ ವಾರ್ಷಿಕ ಸಂಚಿಕೆಗೆ ಕೆಲಸದ ಅನುಭವ ಬರೆದುಕೊಡಿ ಎಂದಿದ್ದಾರೆ. ಬಾಯಿಗಿಂತ ಕೈಗೆ ಧೈರ್ಯ ಹೆಚ್ಚು. ಬರೆಯುತ್ತಿದ್ದೇನೆ.

ಇಂಥದನ್ನು ನಿವೃತ್ತರಾದವರು ಬರೆಯುವುದು ವಾಡಿಕೆ. ನನಗೆ ಅಷ್ಟು ವಯಸ್ಸಾಗಿಲ್ಲ. ಒಂದು ಕೆಲಸದಿಂದ ಮಾತ್ರ ನಿವೃತ್ತಳಾಗಿದ್ದೇನೆ. ಮಣಿಕಟ್ಟಿನ ನೋವಿನಿಂದಾಗಿ ತೊಟ್ಟಿಯ ಮುಂದೆ ನಿಂತು ತಟ್ಟೆ ತೊಳೆಯುವುದನ್ನು ಈ ವರ್ಷ ಬಿಡಬೇಕಾಯಿತು. ಲೆಕ್ಕ, ಗಾಡಿ, ಗಿರಾಕಿ ಎಲ್ಲ ನೋಡಿಕೊಳ್ಳುತ್ತೇನೆ. ಆದರೂ ಬೆಳಿಗ್ಗೆ ಕೈಗಳು ನೀರು ಬೇಡುತ್ತವೆ.

ನಮ್ಮ ಕೆಲಸ ಇಷ್ಟು: ಮದುವೆ, ಮಕ್ಕಳ ಕೂದಲು ತೆಗೆಸುವ ಜಾವಳ, ತೊಟ್ಟಿಲು, ಸತ್ತವರ ದಿನಕರ್ಮ, ಏನೇ ಇರಲಿ, ಊಟಕ್ಕೆ ಸ್ಟೀಲ್ ತಟ್ಟೆ, ಗಲಾಸು ಬಾಡಿಗೆಗೆ ಕೊಡುತ್ತೇವೆ. ಮುಗಿದ ಮೇಲೆ ಎಂಜಲು ತಟ್ಟೆಗಳನ್ನೇ ತುಂಬಿಕೊಂಡು ಬಂದು, ತೊಳೆದು, ಒಣಗಿಸಿ, ಮತ್ತೊಂದು ಮನೆಗೆ ಕಳಿಸುತ್ತೇವೆ. ಎಸೆಯುವ ತಟ್ಟೆಗಳ ರಾಶಿ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಇದನ್ನು ನೀವು ವರದಿಯಲ್ಲಿ ಹಸಿರು ಉದ್ಯಮ ಎಂದು ಬರೆಯುತ್ತೀರಿ. ಬರೆಯಿರಿ, ಸುಳ್ಳಲ್ಲ. ಆದರೆ ದಿನದ ಹೆಚ್ಚಿನ ಹೊತ್ತು ನಿಮ್ಮ ಕಣ್ಣೆದುರಿಗಿರುವುದು ಹಸಿರಲ್ಲ, ಒಣಗಿ ಅಂಟಿಕೊಂಡ ಬೇಳೆಯ ಹಳದಿ.

ನಾನು ಇಂಟರ್ನ್‌ಶಿಪ್‌ಗೆ ಸೇರಿದಾಗ ಈ ವ್ಯವಹಾರ ಬೀದರಿನ ಅಂಚಿನ ಕೊಳಾರದಲ್ಲಿ, ಕೈಗಾರಿಕಾ ಪ್ರದೇಶದ ಒಂದು ತಗಡಿನ ಶೆಡ್ಡಿನಲ್ಲಿತ್ತು. ಸಹಪಾಠಿಗಳು ಹೈದರಾಬಾದಿಗೆ, ಕಲಬುರಗಿಗೆ ಹೋದರು. ನಾನು ಕೊಳಾರವನ್ನು ಆರಿಸಿಕೊಂಡದ್ದು ಪರಿಸರದ ಮೇಲಿನ ಪ್ರೀತಿಯಿಂದ ಎಂದು ಅರ್ಜಿಯಲ್ಲಿ ಬರೆದಿದ್ದೆ. ನಿಜವಾದ ಕಾರಣ, ಸಂಜೆಯ ಬಸ್ಸಿಗೆ ಜನವಾಡದ ನಮ್ಮ ಮನೆ ಸೇರಬಹುದಿತ್ತು. ಹೊಸ ಜನರ ನಡುವೆ ಇರುಳು ಕಳೆಯುವುದು ನನಗೆ ಆಗದು.

ವ್ಯವಹಾರದ ಒಡತಿ ಮಹಾನಂದಾ ಅಕ್ಕ ಭಾಲ್ಕಿಯವರು. ಗಂಡ ತೀರಿಕೊಂಡ ಮೇಲೆ ಅವರ ಶಾಮಿಯಾನಾ ವ್ಯವಹಾರವನ್ನು ತಾವೇ ನಡೆಸಿದವರು. ಮದುವೆಯ ಮರುದಿನ ಕಂಬ ಕೀಳಿಸಲು ಹೋದಾಗಲೆಲ್ಲ ಥರ್ಮಾಕೋಲು ತಟ್ಟೆಗಳ ಗುಡ್ಡೆಗೆ ಎಮ್ಮೆಗಳು ಬಾಯಿ ಹಾಕುವುದನ್ನು ನೋಡಿ ನೋಡಿ ಸಾಕಾಗಿ, ಪರದೆ ಕಂಬಗಳನ್ನೆಲ್ಲ ಮಾರಿ ತಟ್ಟೆ ಕೊಂಡರು. ಮೊದಲ ದಿನ ನನ್ನ ಕಾಲೇಜಿನ ಪತ್ರವನ್ನು ಮಡಚಿದ್ದ ಹಾಗೆಯೇ ಪಕ್ಕಕ್ಕಿಟ್ಟು ಕೇಳಿದರು.

“ಏನು ಓದ್ಲಾಕತ್ತಿ?”

ಹೇಳಿದೆ.

“ಅದ್ರಾಗ ತಾಟ ತೊಳಿಯೋದು ಕಲಿಸ್ಯಾರೇನು?”

“ಇಲ್ರಿ.”

“ಚೊಲೊ ಆತು. ತಪ್ಪು ಕಲ್ತಿಲ್ಲ ಅಂದಂಗಾತು. ಬಾ.”

ಅಲ್ಲಿ ತಟ್ಟೆಗೆ ಎಲ್ಲರೂ ತಾಟ ಎಂದೇ ಅನ್ನುತ್ತಿದ್ದರು. ತೊಳೆಯಲು ನಾಲ್ವರು ಹೆಂಗಸರಿದ್ದರು. ಟೆಂಪೊ ನಡೆಸುತ್ತಿದ್ದವರು ರಶೀದ್ ಚಾಚಾ. ಗಾಡಿ ಒಂದೇ ಸಲಕ್ಕೆ ಚಾಲೂ ಆದರೆ ಅದಕ್ಕೆ “ಶುಕ್ರಿಯಾ ಬೀಬೀ” ಎನ್ನುತ್ತಿದ್ದರು, ಆಗದಿದ್ದರೆ ಅದರ ತವರುಮನೆಯನ್ನು ನೆನೆಯುತ್ತಿದ್ದರು.

ನಾನು ಮೊದಲು ಕಲಿತದ್ದು ಅಂಚಿನ ವಿಷಯ. ಸ್ಟೀಲ್ ತಟ್ಟೆಯ ಅಂಚನ್ನು ಹೊರಗೆ ಸುತ್ತಿರುತ್ತಾರೆ. ಆ ಸುರುಳಿಯೊಳಗೆ ಕೂದಲೆಳೆಯಷ್ಟು ಸಂದು ಇರುತ್ತದೆ. ಎಷ್ಟೇ ಒರೆಸಿದರೂ ಅಲ್ಲೊಂದು ಹನಿ ಅಡಗಿ ಕೂರುತ್ತದೆ. ಒಂದರ ಮೇಲೊಂದು ಪೇರಿಸಿಟ್ಟರೆ ಇಳಿದು ಬಂದು ಕೆಳಗಿನ ತಟ್ಟೆಯಲ್ಲಿ ಉಂಗುರ ಬರೆಯುತ್ತದೆ, ಮಳೆಗಾಲವಾದರೆ ಮುಗ್ಗಲು ವಾಸನೆ. ನಾನು ಸೇರುವ ಮೊದಲು ಪೇರಿಸಿಯೇ ಇಡುತ್ತಿದ್ದರು. ನಾನಿದ್ದಾಗಲೇ ಅಕ್ಕ ಹಳೆಯ ಹಂದರದಲ್ಲಿ ಉಳಿದ ಬಿದಿರನ್ನು ಸೀಳಿಸಿ ಬಾಚಣಿಗೆಯಂಥ ಹಲ್ಲುಗಳ ಉದ್ದನೆಯ ಚೌಕಟ್ಟು ಮಾಡಿಸಿದರು. ಅದರಲ್ಲಿ ತಟ್ಟೆಗಳನ್ನು ಅಂಚಿನ ಮೇಲೆ ನಿಲ್ಲಿಸಬೇಕು, ಮೂಡಣಕ್ಕೆ ಮುಖ ಮಾಡಿ.

ಬೆಳಿಗ್ಗೆ ಪೂರ್ವದ ದೊಡ್ಡ ಬಾಗಿಲು ಸರಿಸಿದರೆ ಬಿಸಿಲು ನೇರವಾಗಿ ತಟ್ಟೆಗಳ ಮೇಲೆ ಬೀಳುತ್ತಿತ್ತು. ಒಂದೊಂದು ತಟ್ಟೆಯೂ ತನ್ನ ಬೆಳಕನ್ನು ತಗಡಿನ ಮಾಡಿಗೆ ಎಸೆಯುತ್ತಿತ್ತು. ಮಾಡಿನ ತುಂಬ ಬೆಳಕಿನ ಬಿಲ್ಲೆಗಳು. ಹೊರಗೆ ಲಾರಿ ಹೋದರೆ ನೆಲ ಸ್ವಲ್ಪ ನಡುಗಿ, ಅಷ್ಟೂ ಬಿಲ್ಲೆಗಳು ನೀರೊಳಗಿನಂತೆ ತೂಗಾಡಿ ಮತ್ತೆ ತಮ್ಮ ಜಾಗಕ್ಕೆ ಬರುತ್ತಿದ್ದವು. ನಾನು ಒರೆಸುವ ಬಟ್ಟೆ ಹಿಡಿದು ಮೇಲೆ ನೋಡುತ್ತ ನಿಂತುಬಿಡುತ್ತಿದ್ದೆ. ಈ ಬಿಲ್ಲೆ ಹುಮನಾಬಾದಿನದು, ಇದು ಕಮಲನಗರದ್ದು, ಅಗೋ ಆ ಮೂಲೆಯದು ಔರಾದಿನದು ಎಂದು ಮನಸ್ಸಿನಲ್ಲೇ ಹಂಚುತ್ತಿದ್ದೆ. ತಾಲೂಕಿಗೊಂದು ಇಂಥ ಮನೆ, ಪ್ರತಿ ಮನೆಗೂ ಪೂರ್ವಕ್ಕೆ ಬಾಗಿಲು, ತೊಳೆದ ನೀರು ಹರಿದುಹೋಗುವಲ್ಲಿ ನುಗ್ಗೆಯ ಸಾಲು. ನನಗೆ ಮಹತ್ವಾಕಾಂಕ್ಷೆ ಎಂಬುದೇನಾದರೂ ಹುಟ್ಟಿದ್ದರೆ ಅದು ತರಗತಿಯಲ್ಲಲ್ಲ, ಆ ಮಾಡಿನ ಕೆಳಗೆ, ಕತ್ತೆತ್ತಿ ನಿಂತಿದ್ದಾಗ.

“ಸ್ನೇಹಾ, ಮಾಡು ಬೀಳಂಗಿಲ್ಲ. ನಾ ಗ್ಯಾರಂಟಿ ಕೊಡ್ತೇನಿ. ಕೆಳಗ ನೋಡು,” ಎಂದು ಅಕ್ಕ ಕೂಗುತ್ತಿದ್ದರು.

ಅಕ್ಕನ ಒಂದು ದೊಡ್ಡ ಎಡವಟ್ಟನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಒಮ್ಮೆ ಅವರು ಖಾನೆಗಳಿರುವ ತಟ್ಟೆ ತರಿಸಿದರು. ಪಲ್ಯಕ್ಕೊಂದು ಗುಂಡಿ, ಬೇಳೆಗೊಂದು, ಅನ್ನಕ್ಕೊಂದು. ಅನ್ನ ವ್ಯರ್ಥವಾಗುವುದಿಲ್ಲ, ತೊಳೆಯಲು ನೀರೂ ಕಡಿಮೆ ಸಾಕು ಎಂದು ಮಾರುವವನು ಹೇಳಿದ್ದ. ಭಾಲ್ಕಿಯ ಒಂದು ಜಾವಳಕ್ಕೆ ಅವನ್ನೇ ಕಳಿಸಿದೆವು. ಮೊದಲ ಪಂಗ್ತಿ ಕೂತಿತು. ಬಡಿಸಿದರು. ಯಾರೂ ತುತ್ತೆತ್ತಲಿಲ್ಲ. ಪಟಗಾ ಸುತ್ತಿದ ಒಬ್ಬ ಮುತ್ಯಾ ತಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ ಅಕ್ಕನನ್ನು ಕರೆದರು.

“ಇದೇನವ್ವಾ, ಜೇಲಿನ ತಾಟ ತಂದೀದಿ?”

“ಜೇಲಿಂದಲ್ಲ ಮುತ್ಯಾ, ಹೊಸ ನಮೂನಿ.”

“ಬ್ಯಾಳಿ ಒಂದು ಖೋಲಿ, ಅನ್ನ ಒಂದು ಖೋಲಿ, ನಡುವ ಗ್ವಾಡಿ. ಎರಡೂ ಭೆಟ್ಟಿ ಆಗೋದು ಯಾವಾಗ? ನಾ ಕಲಸೋದೆಲ್ಲಿ?”

ಪಂಗ್ತಿಯೆಲ್ಲ ನಕ್ಕಿತು. ನಮ್ಮ ಕಡೆ ರೊಟ್ಟಿಯನ್ನು ಚೂರು ಮಾಡಿ ಬೇಳೆ ಸುರಿದು ಅಂಗೈಯಲ್ಲಿ ಕಲಸುವವರೇ ಹೆಚ್ಚು; ಅವರಿಗೆ ತಟ್ಟೆಯೆಂದರೆ ಹೊಲ, ಅಗಲವಾಗಿ ಬಿಚ್ಚಿಕೊಂಡಿರಬೇಕು. ಅಕ್ಕ ಮುಂದಿನ ವಾರವೇ ಆ ಖಾನೆ ತಟ್ಟೆಗಳನ್ನು ಬೀದರಿನ ಪಾನ್ ಅಂಗಡಿಗಳವರಿಗೆ ಮಾರಿದರು. ಅಲ್ಲಿ ಸುಪಾರಿ, ಸುಣ್ಣ, ಕಾಚು ತಮ್ಮ ತಮ್ಮ ಖೋಲಿಗಳಲ್ಲಿ ಸುಖವಾಗಿದ್ದವು. ಉಣ್ಣುವವರ ಕೈ ನೋಡದೆ ತಟ್ಟೆ ಕೊಳ್ಳಬೇಡಿ.

ಅದೇ ವರ್ಷ ಜನವಾಡದ ನಮ್ಮ ಚರ್ಚಿನ ಸುಗ್ಗಿ ಹಬ್ಬಕ್ಕೆ ತಟ್ಟೆ ಕೊಡಿಸಿದೆ. ನಾನು ತಂದ ಮೊದಲ ಗಿರಾಕಿ ಅದು. ನಮ್ಮದು ಮಿಷನ್ ಕಾಲದಿಂದಲೂ ಮೆಥೊಡಿಸ್ಟ್ ಮನೆತನ. ಅಪ್ಪ ಸಾಲಿಯಲ್ಲಿ ಮಾಸ್ತರರು, ಅವ್ವ ನರ್ಸು, ಆಯಿ, ಅಂದರೆ ಅಪ್ಪನ ತಾಯಿ, ಈಗಲೂ ಹೊಲಕ್ಕೆ ಹೋಗುವವಳು. ಹಬ್ಬದ ದಿನ ಜನ ಮೊದಲ ಬೆಳೆಯನ್ನು ಚರ್ಚಿಗೆ ತಂದು ಒಪ್ಪಿಸುತ್ತಾರೆ. ಜೋಳದ ತೆನೆ, ಉದ್ದು, ಕುಂಬಳಕಾಯಿ, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿ. ಆಮೇಲೆ ಬೇವಿನ ಮರದ ಕೆಳಗೆ ಊಟ.

ಆಯಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನನ್ನು ಕೇಳಿದಳು.

“ನಮಗಿಂತ ಮೊದಲ ಇದ್ರಾಗ ಯಾರು ಉಂಡಾರ?”

“ಭಾಲ್ಕಿಯವರು. ಯಾರದೋ ಜಾವಳಕ್ಕ.”

“ನಮ್ಮ ಬಳಿಕ ಯಾರು ಉಣ್ತಾರ?”

“ಯಾರು ಕೇಳ್ತಾರ ಅವರು.”

ಆಯಿ ಸ್ವಲ್ಪ ಹೊತ್ತು ಉಂಡಳು. “ಅವರಿಗೆ ಗೊತ್ತದೇನು?” ಎಂದಳು.

ನಾನು ಬೇಳೆಯ ಸೌಟಿಗೆ ಕೈ ಹಾಕಿದೆ. ಅವಳು ಉತ್ತರಕ್ಕೆ ಕಾಯಲಿಲ್ಲ. “ಕಾಗದದ ತಾಟ ಬಂದಾಗ ನಾ ಭಾಳ ಖುಷಿ ಆಗಿದ್ದೆ ನೋಡು. ಉಂಡು ಒಗದ್ರ ಮುಗೀತು. ಮೊದಲ ಯಾರದು, ಬಳಿಕ ಯಾರದು, ಯಾರೂ ಕೇಳಂಗಿಲ್ಲ. ನೀ ಮತ್ತ ತಿರುಗಿ ತಾಟ ತಂದೀದಿ,” ಎಂದಳು. ಬೈಗುಳವಲ್ಲ. ಬೇವಿನ ಎಲೆಯೊಂದು ಅವಳ ಅನ್ನದ ಮೇಲೆ ಬಿದ್ದಿತ್ತು, ಅದನ್ನು ಎತ್ತಿ ಪಕ್ಕಕ್ಕಿಟ್ಟಳು.

ಜನ ಎಸೆಯುವ ತಟ್ಟೆಗಳನ್ನು ಯಾಕೆ ಇಷ್ಟಪಡುತ್ತಾರೆ ಎಂಬ ಬಗ್ಗೆ ನನ್ನ ವರದಿಯಲ್ಲಿ ಒಂದು ಪುಟವಿತ್ತು. ಅಗ್ಗ, ತೊಳೆಯುವ ಕಷ್ಟವಿಲ್ಲ, ಸುಲಭವಾಗಿ ಸಿಗುತ್ತವೆ. ಆಯಿಯ ಕಾರಣ ಅದರಲ್ಲಿ ಇರಲಿಲ್ಲ. ಯಾವ ಪುಸ್ತಕದಲ್ಲೂ ನಾನು ಅದನ್ನು ಓದಿರಲಿಲ್ಲ. ಸೇರಿಸಬೇಕೆಂದುಕೊಂಡೆ, ಯಾವ ತಲೆಬರಹದ ಕೆಳಗೆ ಎಂದು ತಿಳಿಯದೆ ಹಾಗೇ ಬಿಟ್ಟೆ.

ಹಬ್ಬ ಕಳೆದು ಸ್ವಲ್ಪ ದಿನಕ್ಕೆ ಶೆಡ್ಡಿನ ಮಾಲೀಕರು ಬಂದು, ಬಾಡಿಗೆ ಏರಿಸುತ್ತೇವೆ, ಆಗದಿದ್ದರೆ ಗೋದಾಮಿಗೆ ಕೇಳುವವರಿದ್ದಾರೆ ಎಂದರು. ಅಕ್ಕ ಮದುವೆಯ ಹಂಗಾಮು ಮುಗಿಯುವವರೆಗೆ ಸಮಯ ಕೇಳಿದರು. ನಮಗೊಂದು ದೊಡ್ಡ ಗಿರಾಕಿ ಸಿಗದಿದ್ದರೆ ಕೊಳಾರ ಬಿಡಬೇಕಿತ್ತು. ಆಗಲೇ ಔರಾದ್ ಕಡೆಯಿಂದ ಫೋನು ಬಂದದ್ದು.

ಆ ಊರಿನ ಹೆಸರು ಬರೆಯುವುದಿಲ್ಲ. ಡಾಬಕಾ ದಾಟಿ, ಮಹಾರಾಷ್ಟ್ರದ ಗಡಿಯ ಕಡೆಗೆ ಹೋಗಬೇಕು. ದೊಡ್ಡ ಮನೆತನ, ಮನೆಯ ಹಿರಿಯ ಮಗಳ ಮದುವೆ, ಸುತ್ತಲಿನ ಊರುಗಳಿಗೆಲ್ಲ ಕರೆ. ಹುಡುಗಿಯ ಕಾಕಾ ಗೋವಿಂದರಾವ್ ಎಂಬುವರು ತಟ್ಟೆ ನೋಡಲು ತಾವೇ ಕೊಳಾರಕ್ಕೆ ಬಂದರು. ಬಿಳಿ ಅಂಗಿ, ನಗುಮುಖ. ಚೌಕಟ್ಟಿನಿಂದ ಒಂದು ತಟ್ಟೆ ಎತ್ತಿಕೊಂಡು ಅದರಲ್ಲಿ ಮೀಸೆ ನೋಡಿಕೊಂಡರು.

“ಕನ್ನಡಿ ಇದ್ದಂಗ ಅವ ನೋಡ್ರಿ ಅಕ್ಕೋರ. ನಮ್ಮ ಹುಡುಗಿ ಪುಣೆದಾಗ ಓದ್ಯಾಳ. ಪ್ಲಾಸ್ಟಿಕ್ ಬ್ಯಾಡೇ ಬ್ಯಾಡ, ಸ್ಟೀಲೇ ಬೇಕು ಅಂತ ಹಟ ಹಿಡ್ದಾಳ.”

“ಚೊಲೊ ಹುಡುಗಿ ಬಿಡ್ರಿ ಕಾಕಾ.”

“ಚೊಲೊನೇ. ಹಟ ಅವಳದು, ಖರ್ಚು ನಮ್ದು.” ಎಲ್ಲರೂ ನಕ್ಕೆವು. ಚಹಾ ಕೊಟ್ಟೆವು, ನಮ್ಮದೇ ಸ್ಟೀಲ್ ಗಲಾಸಿನಲ್ಲಿ. ಕುಡಿದರು. ಗಲಾಸು ಕೆಳಗಿಡುತ್ತ ಕೇಳಿದರು, “ಈ ತಾಟ ಎಲ್ಲೆಲ್ಲಿ ಹೋಗಿ ಬರ್ತಾವ್ರಿ?”

“ಎಲ್ಲಾ ಕಡಿ ಹೋಗ್ತಾವ. ಬೀದರ, ಭಾಲ್ಕಿ, ಮೊನ್ನಿ ಜನವಾಡ.”

“ಎಲ್ಲಾ ಕಡಿ ಅಂದ್ರ, ಎಲ್ಲಾ ಮಂದಿ ಕಡಿ?”

“ಕುದಿಯೋ ನೀರಾಗ ತೊಳಿತೇವ್ರಿ ಕಾಕಾ. ಮಟನ್ನಿನ ವಾಸನಿ ಸೈತ ಉಳಿಯಂಗಿಲ್ಲ.”

“ಅದರ ಮಾತಲ್ರಿ. ನಮ್ಮ ಮನ್ಯಾಗೂ ಕುರಿ ಬೀಳ್ತದ. ತೊಳಿಯೋ ಮಾತೂ ಅಲ್ಲ.” ದನಿ ತಗ್ಗಿಸಿದರು. “ನಂದೇನಿಲ್ಲ. ನಾ ಹೋಟ್ಲಾಗ ಉಣ್ಣಾಂವ. ಆದ್ರ ಮನ್ಯಾಗ ಹಿರ್ಯಾರದಾರ, ನಾಳಿ ಯಾರರ ಕೇಳಿದ್ರ? ನಮಗಂತ ಒಂದು ರಾಶಿ ಬ್ಯಾರೆ ಇಡ್ರಿ. ಹಿಂದ ಒಂದು ಚುಕ್ಕಿ ಹಾಕಿದ್ರ ಸಾಕು. ಔರಾದ್ ಕಡಿ ಎಷ್ಟು ಮದುವಿ ಅವ, ಅಷ್ಟೂ ನಿಮಗೇ ಕೊಡಸ್ತೇನಿ.”

ಅಕ್ಕ ತಟ್ಟೆಯನ್ನು ಅವರ ಕೈಯಿಂದ ತೆಗೆದುಕೊಂಡು ಚೌಕಟ್ಟಿನಲ್ಲಿ ನಿಲ್ಲಿಸಿದರು. “ನೋಡೋಣ್ರಿ,” ಎಂದರು.

ಹೊರಡುವಾಗ ಗೋವಿಂದರಾವ್ ನನ್ನ ಕಡೆ ತಿರುಗಿದರು. “ಓದಿದಾಕಿ ಕಾಣಸ್ತಿ. ಯಾವ ಊರು ಮಗಾ?”

“ಜನವಾಡ್ರಿ.”

“ಜನವಾಡದಾಗ ಯಾರ ಪೈಕಿ?”

ಕೈಯಲ್ಲಿ ಒರೆಸುವ ಬಟ್ಟೆ ಇತ್ತು. ಅದನ್ನು ಮಡಚಿದೆ, ಮತ್ತೆ ಬಿಚ್ಚಿದೆ. ಟೆಂಪೊದ ಹಿಂಬದಿಯಿಂದ ರಶೀದ್ ಚಾಚಾ ಹೇಳಿದರು, “ನಮ್ಮ ಪೈಕಿ ಸಾಹೇಬ್. ತಾಟ ತೊಳಿಯೋ ಪೈಕಿ. ಭಾಳ ಹಳೀ ಖಾಂದಾನ್.”

ಗೋವಿಂದರಾವ್ ನಕ್ಕು, ನನ್ನ ತಲೆ ಸವರಿ ಹೋದರು. ಕೆಟ್ಟ ಮನುಷ್ಯರೆಂದು ನನಗೆ ಆಗಲೂ ಅನಿಸಲಿಲ್ಲ. ಅದೇ ಕಷ್ಟ. ಕೆಟ್ಟವರಾಗಿದ್ದರೆ ಆ ಸಂಜೆ ನನಗೆ ಹಗುರವಾಗುತ್ತಿತ್ತು.

ಅಕ್ಕ ಬಹಳ ಹೊತ್ತು ತೊಟ್ಟಿಯ ಕಟ್ಟೆಯ ಮೇಲೆ ಕೂತಿದ್ದರು. ನಂತರ ಎದ್ದು, ಕಿಟಕಿಗೆ ಹಚ್ಚಿ ಉಳಿದಿದ್ದ ಹಸಿರು ಬಣ್ಣದ ಡಬ್ಬಿ ತಂದು ನನ್ನ ಪಕ್ಕ ಇಟ್ಟರು.

“ನಾಳಿ ಅರ್ಧಕ್ಕ ಚುಕ್ಕಿ ಹಾಕು, ಸ್ನೇಹಾ. ನಿನ್ನ ಕೈ ನೆಟ್ಟಗ ಅದ.”

“ಯಾವ ಅರ್ಧಕ್ರಿ?”

“ಯಾವುದಾದ್ರೂ ಹಾಕು. ನಿಮ್ಮ ಆಯಿ ಉಂಡ ತಾಟ ಯಾವುದಂತ ನಂಗೇನು ಗೊತ್ತು, ನಿಂಗೇನು ಗೊತ್ತು? ಇನ್ನ ಮುಂದ ಚುಕ್ಕಿ ಇದ್ದದ್ದು ಅವರ ಕಡಿ, ಇಲ್ಲದ್ದು…” ನನ್ನ ಮುಖ ನೋಡಲಿಲ್ಲ. “ನಾಲ್ಕು ಹೆಣ್ಮಕ್ಕಳು ಇದ್ರ ಮ್ಯಾಲ ಮನಿ ನಡಸ್ತಾರವ್ವ. ಶೆಡ್ ಹೋದ್ರ ಎಲ್ಲಿ ಕಳಸ್ಲಿ ಅವರಿಗ?”

ಚಾಚಾ ಗೊಣಗಿದರು, “ಗಾಡ್ಯಾಗ ಎರಡು ರಾಶಿ ಹ್ಯಾಂಗ ಇಡ್ಲಿ ಬಹೆನ್? ಒಂದು ಗುಂಡಿ ಬಂದ್ರ ಸಾಕು, ತಾಟ ತಾವೇ ಗಲೆ ಮಿಲಾಯಿಸಿ ಒಂದಾಗ್ತಾವ.”

“ನೀ ಸುಮ್ಕಿರು ರಶೀದಣ್ಣ.”

ನಾನು, “ನಾಳಿ ಹಾಕ್ತೇನ್ರಿ,” ಎಂದೆ. ಶೆಡ್ಡಿನ ಬೀಗದ ಕೈ ನನ್ನ ಬಳಿಯೇ ಇತ್ತು. ಬೆಳಿಗ್ಗೆ ಮೊದಲು ಬರುವವಳು ನಾನೇ.

ಜನವಾಡದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ತೊಗರಿ ಹೂ ಬಿಟ್ಟಿತ್ತು. ಕೆಂಪು ನೆಲ, ಅದರ ಮೇಲೆ ಹಳದಿ, ಅದರ ಮೇಲೆ ಇಳಿಬಿಸಿಲು. ಕಣ್ಣು ಮುಚ್ಚಿ ಮಾಡಿನ ಬಿಲ್ಲೆಗಳನ್ನು ನೆನೆಸಿಕೊಳ್ಳಲು ಯತ್ನಿಸಿದೆ. ಅರ್ಧ ಬಿಲ್ಲೆಗಳು ಮಾಡಿನ ಆ ಬದಿಗೆ, ಅರ್ಧ ಈ ಬದಿಗೆ ಸರಿದು ನಿಂತವು. ನಡುವೆ ಬರಿಯ ತಗಡು. ಕಣ್ಣು ಬಿಟ್ಟರೆ ಹೊಲ ಒಂದೇ ಸಮನೆ ಹಳದಿಯಾಗಿತ್ತು, ಯಾರ ಬದು ಎಲ್ಲಿ ಎಂದು ಬಸ್ಸಿನಿಂದ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಆಯಿ ತನ್ನ ತಟ್ಟೆಯಲ್ಲಿ ಉಣ್ಣುತ್ತಿದ್ದಳು. ಆ ತಟ್ಟೆಯನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ದಪ್ಪ ಜರ್ಮನ್ ತಟ್ಟೆ, ಅಂದರೆ ಅಲ್ಯುಮಿನಿಯಂನದು, ಅಂಚಿನಲ್ಲಿ ಒಂದು ಕಚ್ಚು. ಚಿಕ್ಕವಳಿದ್ದಾಗ ನನಗೆ ಅದರಲ್ಲೇ ಉಣ್ಣಿಸುತ್ತಿದ್ದಳು. ಕಚ್ಚಿನಲ್ಲಿ ನನ್ನ ಹೆಬ್ಬೆರಳು ಸರಿಯಾಗಿ ಕೂರುತ್ತಿತ್ತು. ತಟ್ಟೆ ಹಿಡಿಯಲು ಅನುಕೂಲವಾಗಲೆಂದು ಮಾಡಿದ್ದಾರೆ ಎಂದೇ ಅಂದುಕೊಂಡಿದ್ದೆ. ಆ ದಿನ ಮೊದಲ ಬಾರಿಗೆ ಕೇಳಿದೆ.

“ಇದು ಯಾಕ ಆಯಿ, ಈ ಕಚ್ಚು?”

“ನಿಮ್ಮ ಮುತ್ಯಾ ಅರ ಹಾಕಿ ತಿಕ್ಕಿ ಮಾಡಿದ್ದ. ದೊಡ್ಡವರ ಮನಿ ಮದುವಿಗಿ ಕರದ್ರ ನಮ್ಮ ತಾಟ ನಾವೇ ಒಯ್ಬೇಕಿತ್ತು. ಗ್ವಾಡಿ ಹೊರಗ ಕುಂದರ್ಬೇಕು. ಮ್ಯಾಲಿಂದ ನೀಡ್ತಿದ್ರು. ಎಲ್ಲಾರ ತಾಟೂ ಒಂದೇ ಥರ, ಅದಲ್ ಬದಲ್ ಆಗ್ತಿದ್ವು. ಅದಕ್ಕ ಗುರುತು.”

“ಅವರ ತಾಟದ ಸಂಗಡ ಅದಲ್ ಬದಲ್ ಆಗ್ತಿದ್ವೇನು?”

ಆಯಿ ನಕ್ಕಳು. ಹಲ್ಲಿಲ್ಲದ ಬಾಯಿಯ ತುಂಬ ನಕ್ಕಳು. “ಹುಚ್ಚಿ. ಅವರ ತಾಟ ನಮ್ಮ ಕಡಿ ಎಲ್ಲಿ ಬರ್ತಿತ್ತು? ನಮ್ಮ ನಮ್ಮದೇ.”

“ಮತ್ತ ಇನ್ನೂ ಯಾಕ ಇಟ್ಕೊಂಡೀದಿ? ಒಗಿಬೇಕಿತ್ತು.”

“ತಾಟಿಂದೇನು ತಪ್ಪು? ಭಾಳ ಗಟ್ಟಿ ಅದ,” ಎಂದು ಬೆರಳ ಗೆಣ್ಣಿನಿಂದ ಬಡಿದು ತೋರಿಸಿದಳು. ಗಂಟೆಯಂಥ ಸದ್ದಲ್ಲ, ಮಂದವಾದ ಸದ್ದು. “ನಿಂಗ ಇನ್ನೊಂದು ರೊಟ್ಟಿ ಹಾಕ್ಲೇನು?”

ಕೊಳಾರದ ವಿಷಯ ಅವಳಿಗೆ ಹೇಳಲಿಲ್ಲ. ಇಂದಿಗೂ ಹೇಳಿಲ್ಲ. ಆಕೆ ಓದು ಬಲ್ಲವಳಲ್ಲ. ಈ ಸಂಚಿಕೆ ಮನೆಗೆ ಬಂದರೆ ಮುಖಪುಟದ ಚಿತ್ರ ನೋಡಿ ಇಡುತ್ತಾಳೆ.

ಮುಂದೇನಾಯಿತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕೆಲಸಕ್ಕೆ ಹೊಸದಾಗಿ ಬರುವವರು ಅದನ್ನು ತಿಳಿದಿರಬೇಕು. ಆ ಮದುವೆ ನಮಗೆ ಸಿಗಲಿಲ್ಲ. ಅಕ್ಕ ಗೋವಿಂದರಾವ್ ಅವರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರು “ಆಯ್ತು ತಾಯಿ, ತಿಳೀತು” ಎಂದರಂತೆ, ಸಿಟ್ಟಾಗದೆ. ಅಲ್ಲಿ ಕಾಗದದ ತಟ್ಟೆಗಳಲ್ಲೇ ಊಟವಾಯಿತು. ಹಂಗಾಮು ಮುಗಿಯುವಾಗ ನಾವು ಕೊಳಾರ ಬಿಟ್ಟೆವು. ನಾಲ್ವರಲ್ಲಿ ಇಬ್ಬರು ಅಲ್ಲೇ ಗೋದಾಮಿನ ಕೆಲಸಕ್ಕೆ ಸೇರಿದರು. ಇಬ್ಬರು ನಮ್ಮೊಂದಿಗೆ ಭಾಲ್ಕಿಗೆ, ಅಕ್ಕನ ತವರಿನವರ ಹಳೆಯ ಕಣಜದ ಮನೆಗೆ ಬಂದರು. ತಟ್ಟೆ ಹೊತ್ತ ಟೆಂಪೊದಲ್ಲಿ ಅಕ್ಕನ ಪಕ್ಕ ನಾನು ಕೂತಿದ್ದೆ. ದಾರಿಯಲ್ಲಿ ಅವರು ಹೇಳಿದರು, “ನಿನ್ನಿಂದ ಹೋಯ್ತು ಅಂತ ತಿಳ್ಕೋಬ್ಯಾಡ. ಎರಡು ರಾಶಿ ಮಾಡಿದ್ರ ದಿನಾ ಎರಡು ಸಲ ಎಣಸ್ಬೇಕಿತ್ತು. ನಂಗೆಲ್ಲಿ ಅಷ್ಟು ವ್ಯಾಳ್ಯಾ?”

ಓದು ಮುಗಿದ ಮೇಲೆ ನಾನು ಭಾಲ್ಕಿಗೇ ಬಂದೆ. ಬೇರೆ ಕಡೆಯಿಂದ ಕರೆ ಬಂದಿತ್ತು, ಹೋಗಲಿಲ್ಲ. ವರದಿಯ ಆ ಪುಟಕ್ಕೆ ಆಯಿಯ ಕಾರಣವನ್ನು ಕೊನೆಗೂ ಸೇರಿಸಿದೆ, ತಲೆಬರಹವಿಲ್ಲದೆ. ಮಾರ್ಗದರ್ಶಕರು ಅದರ ಪಕ್ಕ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದರು, ಏನೂ ಬರೆದಿರಲಿಲ್ಲ.

ಈಗ ಹೊಸ ತಟ್ಟೆ ಕೊಂಡಾಗಲೂ ಹಸಿರು ಚುಕ್ಕಿ ಹಾಕುತ್ತೇವೆ. ಬೇರೆಯವರ ತಟ್ಟೆಗಳೊಂದಿಗೆ ಬೆರೆತರೆ ನಮ್ಮದೆಂದು ಗೊತ್ತಾಗುತ್ತದೆ. ಅಷ್ಟು ಉಪಯೋಗ ಅದಕ್ಕಿದೆ. ಚರ್ಚಿಗೆ, ಬುದ್ಧ ವಿಹಾರಕ್ಕೆ, ದೊಡ್ಡ ಮನೆಗಳಿಗೆ, ಸಣ್ಣ ಮನೆಗಳಿಗೆ ಅವೇ ಹೋಗುತ್ತವೆ. ಕೇಳುವವರು ಈಗಲೂ ಕೇಳುತ್ತಾರೆ, ದನಿ ತಗ್ಗಿಸಿ. ನಾವು ಎಲ್ಲಾ ಮಂದಿ ಕಡೆ ಎಂದು ಹೇಳುತ್ತೇವೆ, ದನಿ ತಗ್ಗಿಸದೆ. ಕೆಲವರು ಎದ್ದು ಹೋಗುತ್ತಾರೆ. ಕೆಲವರು ಸ್ವಲ್ಪ ಯೋಚಿಸಿ, ಗಲಾಸು ಎಷ್ಟು ಎಂದು ಮುಂದಿನ ಮಾತಿಗೆ ಬರುತ್ತಾರೆ. ಔರಾದ್ ಕಡೆ ಡಾಬಕಾವರೆಗೆ ನಮ್ಮ ತಟ್ಟೆಗಳು ಹೋಗಿವೆ. ಅದರಾಚೆ ಇನ್ನೂ ಹೋಗಿಲ್ಲ. ಟೆಂಪೊ ಡಾಬಕಾದಲ್ಲಿ ಖಾಲಿಯಾಗಿ ತಿರುಗುವಾಗ ನಾನು ಒಮ್ಮೊಮ್ಮೆ ಮುಂದಿನ ರಸ್ತೆಯನ್ನು ನೋಡುತ್ತೇನೆ. ಎರಡೂ ಬದಿಗೆ ಜಾಲಿ, ಸ್ವಲ್ಪ ದೂರದಲ್ಲಿ ಒಂದು ತಿರುವು. ಕಣ್ಣು ಅರೆಮುಚ್ಚಿದರೆ ಆ ತಿರುವಿನಲ್ಲಿ ಗಾಡಿ ಹೋಗುವುದು ಕಾಣುತ್ತದೆ, ಒಳಗೆ ತಟ್ಟೆಗಳು ಸಣ್ಣಗೆ ಮಾತಾಡುವುದು ಕೇಳಿಸುತ್ತದೆ. ರಸ್ತೆ ಚೆನ್ನಾಗಿಯೇ ಇದೆ.

ಆಯಿಯೊಂದಿಗೆ ಉಂಡ ಆ ಸಂಜೆಯ ಮರುದಿನ ಬೆಳಿಗ್ಗೆ, ನಾನು ಮೊದಲ ಬಸ್ಸಿಗೆ ಬೀದರಿಗೆ ಹೋದೆ. ಕೊಳಾರದಲ್ಲಿ ಇನ್ನೂ ಯಂತ್ರಗಳು ಎದ್ದಿರಲಿಲ್ಲ. ಪೂರ್ವದ ಬಾಗಿಲು ಸರಿಸಿದೆ. ಬಿಸಿಲು ಒಳಗೆ ಬಂತು, ಮಾಡು ತುಂಬಿತು. ಆ ದಿನ ಮೇಲೆ ನೋಡಲಿಲ್ಲ. ಡಬ್ಬಿಯ ಮುಚ್ಚಳ ಬಿಚ್ಚಿ, ಕೆನೆಗಟ್ಟಿದ್ದ ಬಣ್ಣವನ್ನು ಕಲಕಿ, ಬೆಂಕಿಕಡ್ಡಿಯ ತುದಿ ಅದ್ದಿ, ಚೌಕಟ್ಟಿನ ಮೊದಲ ತಟ್ಟೆಯ ಬೆನ್ನಿಗೆ ಚುಕ್ಕಿ ಇಟ್ಟೆ. ಎರಡನೆಯದಕ್ಕೆ ಇಟ್ಟೆ. ತಟ್ಟೆ ಹಿಡಿದ ಹೆಬ್ಬೆರಳು ಅಂಚಿನಲ್ಲಿ ಕಚ್ಚು ಹುಡುಕುತ್ತಿತ್ತು.

ರಶೀದ್ ಚಾಚಾ ಬಂದಾಗ ನಾನು ನಡುವಿನ ಸಾಲು ದಾಟಿದ್ದೆ.

“ಅರ್ಧ ಆಯ್ತೇನು ಬೇಟಿ?”

“ಆಯ್ತು ಚಾಚಾ.”

“ಮತ್ತ ಇನ್ನೂ ಯಾಕ ಹಾಕ್ಲಾಕತ್ತೀದಿ?”

“ಇನ್ನರ್ಧ ಉಳದದಲ್ಲಾ.”

ಅವರು ನನ್ನನ್ನು ನೋಡಿದರು, ಸಾಲುಗಳನ್ನು ನೋಡಿದರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು, ಒಂದು ಕಡ್ಡಿ ಆರಿಸಿಕೊಂಡು, ಆ ತುದಿಯಿಂದ ಶುರು ಮಾಡಿದರು. ಬಾಲವಿರುವ ಚುಕ್ಕಿಗಳೆಲ್ಲ ಅವರವು.

ಅಕ್ಕ ಬಂದು ಬಾಗಿಲಲ್ಲಿ ನಿಂತರು. ಅವರ ನೆರಳು ನಮ್ಮ ಮೇಲೆ ಬಿತ್ತು. ಒಂದು ತಟ್ಟೆ ಮಗುಚಿ ನೋಡಿದರು. ಎದುರು ಸಾಲಿನಿಂದ ಇನ್ನೊಂದು. ಮೂಲೆಯಿಂದ ಮತ್ತೊಂದು.

“ಎಲ್ಲಾದಕ್ಕೂ ಹಾಕಿದ್ರ ಗುರುತು ಹ್ಯಾಂಗ ಸಿಗ್ತದ?”

“ಸಿಗಂಗಿಲ್ರಿ ಅಕ್ಕಾ,” ಎಂದೆ.

ಹೊರಗೆ ಲಾರಿಯೊಂದು ಹೋಯಿತು. ಮಾಡಿನ ಮೇಲೆ ಬೆಳಕೆಲ್ಲ ತೂಗಾಡಿ ನಿಂತಿತು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

“ಬಣ್ಣ ಸಾಕಾಗ್ತದೇನು?”

ಡಬ್ಬಿಯನ್ನು ಬೆಳಕಿಗೆ ಬಗ್ಗಿಸಿ ನೋಡಿದೆ. ಸಾಕಾಗುವಷ್ಟಿತ್ತು.